ಒಳ್ಳೆಯ ಶಾಲೆಯ ಹತ್ತಿರದ ಮನೆ

ಬಸ್ಸಿನ ಕಿಟಕಿಯ ಗಾಜು ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ. ಸಂದಿಯಿಂದ ನುಗ್ಗುವ ಗಾಳಿ ಮಗಳ ಮುಂಗೂದಲನ್ನು ಕಣ್ಣಿಗೆ ಹೊಡೆಯುತ್ತಿತ್ತು. ಅವಳು ಅದನ್ನು ಸರಿಸದೆ, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿದ್ದ ಅಪ್ಪ ಸರಿಸಿಕೋ ಎಂದು ಹೇಳಲು ಹೋಗಿ ಹೇಳಲಿಲ್ಲ. ಹೇಳಿದರೆ ಅವಳು ತಕ್ಷಣ ಸರಿಸಿಕೊಳ್ಳುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು. ಆ ತಕ್ಷಣವೆನ್ನುವುದೇ ಇತ್ತೀಚೆಗೆ ಯಾಕೋ ಅವನಿಗೆ ಹಿತವಾಗುತ್ತಿರಲಿಲ್ಲ. ಮುಂದಿನ ಸೀಟಿನಿಂದ ಹೆಂಡತಿ ಹಿಂದಕ್ಕೆ ತಿರುಗಿ, "ಸ್ಟೇಷನ್ನು ಹತ್ರಾನೇ ಇದೆಯಂತೆ. ರೈಲಲ್ಲಿ ಹೋಗಿ ಅಲ್ಲಿಂದ ಒಂದು ಬಸ್ಸು. ನಿಮಗೇನೂ ಕಷ್ಟ ಆಗಲ್ಲ" ಎಂದಳು. ಕಷ್ಟ ಆಗುತ್ತದೆ ಎಂದು ಅವನು ಹೇಳಿರಲಿಲ್ಲ. ನಾಲ್ಕು ತಿಂಗಳಿಂದ ಪ್ರತಿ ಭಾನುವಾರ ಒಂದೊಂದು ಬಡಾವಣೆ ನೋಡುತ್ತ ಬಂದಿದ್ದರು. ಒಂದರಲ್ಲಿ ಮನೆ ಚೆನ್ನಾಗಿತ್ತು, ಗಾಳಿ ತಿರುಗಿದರೆ ಔಷಧಿ ಕಾರ್ಖಾನೆಯ ವಾಸನೆ. ಇನ್ನೊಂದರಲ್ಲಿ ಶಾಲೆ ಚೆನ್ನಾಗಿತ್ತು, ಸೀಟು ಇರಲಿಲ್ಲ. ಮತ್ತೊಂದರಲ್ಲಿ ಎರಡೂ ಇದ್ದವು, ಆದರೆ ಅಲ್ಲಿಂದ ಅವನು ಕೆಲಸಕ್ಕೆ ಹೋಗಿ ಬರುವಷ್ಟರಲ್ಲಿ ಮರುದಿನವೇ ಆಗುತ್ತಿತ್ತು. ಒಳ್ಳೇ ಶಾಲೆ ಎಂಬ ಮಾತನ್ನು ಹೆಂಡತಿ, ಜನ 'ಒಳ್ಳೇ ಡಾಕ್ಟರು ಯಾರು' ಎಂದು ಕೇಳುವಾಗಿನ ಆತಂಕದಲ್ಲೇ ಹೇಳುತ್ತಿದ್ದಳು. ಅವನೂ ಮೇಷ್ಟರೇ. ಹಳೇ ಪೇಟೆಯ ರೈಲ್ವೆ ಗೇಟಿನ ಪಕ್ಕದ ಶಾಲೆಯಲ್ಲಿ ಹದಿನೆಂಟು ವರ್ಷದಿಂದ ಲೆಕ್ಕ ಹೇಳಿಕೊಡುತ್ತಿದ್ದ. ಮಗಳು ಓದುತ್ತಿದ್ದುದೂ ಅಲ್ಲೇ, ಈ ವರ್ಷದಿಂದ ಅವನದೇ ಕ್ಲಾಸಿನಲ್ಲಿ. "ನಮ್ಮ ಶಾಲೆಗೆ ಏನಾಗಿದೆ?" ಎಂದು ಅವನು ಮೊದಲ ದಿನವೇ ಕೇಳಿದ್ದ. ಹೆಂಡತಿ ಆಸ್ಪತ್ರೆಯ ರಕ್ತಪರೀಕ್ಷೆ ವಿಭಾಗದಲ್ಲಿ ಕೆಲಸ ಮಾಡುವವಳು. ಫಲಿತಾಂಶ ತನ್ನ ಕೈಯಲ್ಲೇ ಇದ್ದರೂ ರೋಗಿ ಕೇಳಿದರೆ 'ಅದನ್ನ ಡಾಕ್ಟರು ಹೇಳ್ತಾರೆ' ಎಂದು ಮುಖ ತಿರುಗಿಸುವುದು ಅವಳಿಗೆ ದಿನದ ಅಭ್ಯಾಸ. ಅದೇ ಮುಖದಲ್ಲಿ, "ಏನೂ ಆಗಿಲ್ಲ. ಇನ್ನೂ ಒಳ್ಳೇದು ನೋಡೋಣ ಅಂತ" ಎಂದಿದ್ದಳು.

ಸ್ಟಾಪಿನಲ್ಲಿ ಅವನ ಷಡ್ಡಕ ಕಾಯುತ್ತಿದ್ದ. ಹೆಂಡತಿಯ ಅಕ್ಕನ ಗಂಡ. ವಿಮೆ ಮಾರುವವನು, ಆ ಬಡಾವಣೆಯಲ್ಲಿ ಏಳು ವರ್ಷದಿಂದ ಇದ್ದು ಅದನ್ನು ತಾನೇ ಕಟ್ಟಿಸಿದವನ ಹಾಗೆ ಮಾತಾಡುತ್ತಿದ್ದ. "ಬನ್ನಿ ಮೇಷ್ಟ್ರೇ. ಗಾಳಿ ನೋಡಿ, ಹೇಗಿದೆ" ಎಂದು ಎದೆಯುಬ್ಬಿಸಿ ಉಸಿರೆಳೆದುಕೊಂಡ. ಗಾಳಿ ಗಾಳಿಯ ಹಾಗೇ ಇತ್ತು. ಬೀದಿಗಳು ನೇರವಾಗಿದ್ದವು, ಕಾಂಪೌಂಡುಗಳ ಮೇಲೆ ಒಂದೇ ಬಗೆಯ ಬಣ್ಣ, ಎಲ್ಲ ಮನೆಗಳ ಮುಂದೂ ಮಕ್ಕಳ ಸೈಕಲ್ಲುಗಳು. ಯಾರೂ ಕೂಗುತ್ತಿರಲಿಲ್ಲ. ಹೆಂಡತಿ ಷಡ್ಡಕನ ಜೊತೆ ಮುಂದೆ ನಡೆಯುತ್ತ, ಭಾವ, ನೀರು ಹೇಗೆ, ಅಂಗಡಿ ಎಷ್ಟು ದೂರ ಎಂದು ಕೇಳುತ್ತಿದ್ದಳು. ಆಗಲೇ ಈ ಊರಿನವಳಾಗಿಬಿಟ್ಟಿದ್ದಾಳೆ ಅನ್ನಿಸಿತು. ಶಾಲೆಯ ಗೇಟು ಬಂದಾಗ ಎಲ್ಲರೂ ನಿಂತರು. ರಜೆಯ ಶಾಲೆ ಹೇಗಿರುತ್ತದೆ ಎಂಬುದು ಅವನಷ್ಟು ಯಾರಿಗೂ ಗೊತ್ತಿರಲಿಕ್ಕಿಲ್ಲ, ಆದರೂ ಆ ಖಾಲಿ ಮೈದಾನ, ತೊಳೆದಿಟ್ಟಂತೆ ಸಾಲಾಗಿ ಹೊಳೆಯುವ ನಲ್ಲಿಗಳು, ಕಿಟಕಿಯೊಳಗೆ ಕಾಣುವ ಹಸಿರು ಬೋರ್ಡು ಅವನಿಗೆ ಬೇರೆ ಯಾವುದೋ ಕಸುಬಿನ ಜಾಗದಂತೆ ಕಂಡವು. ಅವನ ಕ್ಲಾಸಿನ ಬೋರ್ಡು ಎಡಗಡೆಯ ಮೂಲೆಯಲ್ಲಿ ಸೀಳಿತ್ತು. ಆ ಸೀಳಿನ ಆಚೆ ಏನೂ ಬರೆಯಕೂಡದು ಎಂದು ಮಕ್ಕಳಿಗೆ ತಾನಾಗಿಯೇ ಗೊತ್ತಿತ್ತು. ಮಗಳು ಗೇಟಿನ ಸರಳುಗಳಿಗೆ ಮುಖ ಒತ್ತಿ ನಿಂತಿದ್ದಳು. "ಅಪ್ಪ, ಇಲ್ಲಿ ಲೆಕ್ಕಕ್ಕೆ ಯಾರು?" "ನನಗೇನು ಗೊತ್ತು. ಯಾರೋ ಇರ್ತಾರೆ." "ಗಂಡಸಾ, ಹೆಂಗಸಾ?" "ಯಾರಾದ್ರೇನು, ಲೆಕ್ಕ ಒಂದೇ ತಾನೇ" ಎಂದ. ಅವಳು ಸರಳನ್ನು ಬಿಟ್ಟು, ಹೌದು ಎನ್ನುವಂತೆ ತಲೆಯಾಡಿಸಿದಳು. ಈ ತಲೆಯಾಡಿಸುವಿಕೆ ಅವಳು ಕ್ಲಾಸಿನಲ್ಲಿ ಮಾಡುವಂಥದ್ದು. ಅರ್ಥವಾದವರೂ ಆಗದವರೂ ಅವನೆದುರು ಒಂದೇ ಥರ ತಲೆಯಾಡಿಸುತ್ತಿದ್ದರು.

ಮನೆ ಶಾಲೆಯ ಹಿಂದಿನ ಬೀದಿಯಲ್ಲಿತ್ತು. ಕೆಳಗೆ ಯಜಮಾನಿ ಒಬ್ಬರೇ, ಬಾಡಿಗೆಗೆ ಕೊಡುವುದು ಮಹಡಿ. ಯಜಮಾನಿ ವಯಸ್ಸಾದ ಹೆಂಗಸು, ನೆಟ್ಟಗೆ ಕೂತು ಎಲ್ಲರಿಗೂ ತಾವೇ ಟೀ ಕೊಟ್ಟರು, ಮಗಳನ್ನು ಹತ್ತಿರ ಕರೆದು ಹಣೆಯ ಮೇಲಿನ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿದರು. ಮಗಳು ಅವರಿಗೆ ಒರಗಿಕೊಂಡೇ ನಿಂತಳು. ಹೊಸಬರ ಹತ್ತಿರ ಇವಳು ಹೀಗೆ ಸಲೀಸಾಗಿ ನಿಲ್ಲುತ್ತಾಳೆ ಎಂಬುದನ್ನು ಅವನು ಕಂಡಿರಲಿಲ್ಲ. "ಇಲ್ಲಿಗೆ ಬರೋರೆಲ್ಲ ಈ ಶಾಲೆಗಾಗೇ ಬರೋದು" ಎಂದರು ಯಜಮಾನಿ. "ನಾವೂ ಹಾಗೇ ಬಂದದ್ದು. ನನ್ನ ಮೊಮ್ಮಗ ಮೊದಲು ಹಳೇ ಪೇಟೆಯಲ್ಲಿ ಓದ್ತಿದ್ದ. ಆ ರೈಲ್ವೆ ಗೇಟಿನ ಹತ್ರ ಒಂದು ಶಾಲೆ ಇದೆಯಲ್ಲ, ಅದರಲ್ಲಿ." ಷಡ್ಡಕ ಕಪ್ಪನ್ನು ಬಾಯಿಗಿಟ್ಟುಕೊಂಡವನು ಇಳಿಸಲಿಲ್ಲ. ಯಜಮಾನಿ ಯಾರ ಮುಖವನ್ನೂ ನೋಡದೆ, ಎಷ್ಟೋ ಸಲ ಹೇಳಿ ನುಣುಪಾದ ಮಾತನ್ನು ಹೇಳುವಂತೆ ಹೇಳಿದರು: "ಲೆಕ್ಕದ ಮೇಷ್ಟ್ರು ಒಬ್ಬರಿದ್ರಂತೆ. ಹೊಡೀತಿರ್ಲಿಲ್ಲ. ಹೊಡೆದಿದ್ರೆ ವಾಸಿಯಾಗಿತ್ತು ಅಜ್ಜಿ ಅಂತಿದ್ದ ಹುಡುಗ. ಬೋರ್ಡಿನ ಮುಂದೆ ನಿಲ್ಲಿಸಿ, ಸೀಮೆಸುಣ್ಣ ಕೈಗೆ ಕೊಟ್ಟು, ಅವರು ಹಿಂದೆ ಹೋಗಿ ಸುಮ್ನೆ ಕಾಯ್ತಿದ್ರಂತೆ. ಬರಲ್ಲ ಅಂದ್ರೂ ಕಳಿಸ್ತಿರ್ಲಿಲ್ಲ. ಆಮೇಲೆ ಏನೋ ಒಂದು ತಮಾಷೆ ಮಾಡೋದು. ಕ್ಲಾಸಿಗೆ ಕ್ಲಾಸೇ ನಗೋದು. ಇವನಿಗೆ ಎಂಟು ವರ್ಷ, ಹತ್ತು ವರ್ಷ, ಏನೋ ಅಷ್ಟೇ. ಬೆಳಗಾದ್ರೆ ವಾಂತಿ ಮಾಡ್ಕೊಳ್ತಿದ್ದ. ಈಗ ದೊಡ್ಡವನಾಗಿದಾನೆ, ದೂರದಲ್ಲಿ ಓದ್ತಿದಾನೆ, ಎಲ್ಲ ಸರಿ. ಆದ್ರೆ ಇವತ್ತಿಗೂ ಅಂಗಡೀಲಿ ಚಿಲ್ಲರೆ ಎಣಿಸೋಕೆ ಹೇಳಿದ್ರೆ ಬೆವರ್ತಾನೆ."

ಅವನು ನೆಲದ ಮೇಲಿನ ಚೌಕಗಳನ್ನು ನೋಡುತ್ತಿದ್ದ. ಅವು ಬಿಳಿ ಮತ್ತು ಬೂದು, ಒಂದು ಬಿಟ್ಟು ಒಂದು. ಕಿವಿಗಳು ಬಿಸಿಯಾಗುತ್ತಿವೆ ಎಂದು ಗೊತ್ತಾಯಿತು, ಯಾರಿಗಾದರೂ ಕಾಣುತ್ತದೆಯೇ ಎಂದು ಅಂಜಿಕೆಯಾಯಿತು, ಆ ಅಂಜಿಕೆಯ ಮಧ್ಯೆಯೂ 'ಎಂಟು ವರ್ಷದವರಿಗೆ ನಾನು ಪಾಠ ಮಾಡುವುದಿಲ್ಲ, ಹತ್ತು ಇರಬೇಕು' ಎಂದು ಮನಸ್ಸು ತಿದ್ದಿತು. "ನಿಮಗೆ ಕೆಲಸ ಎಲ್ಲಿ?" ಎಂದು ಯಜಮಾನಿ ಕೇಳಿದರು, ಅವನನ್ನೇ. ಉತ್ತರ ಹೆಂಡತಿಯಿಂದ ಬಂತು. "ಆಫೀಸಲ್ಲಿ. ವಿದ್ಯಾ ಇಲಾಖೇದು" ಎಂದಳು. ದನಿಯಲ್ಲಿ ಒಂದು ಎಳೆಯೂ ಅಲುಗಲಿಲ್ಲ. ಸೂಜಿ ಚುಚ್ಚುವಾಗಲೂ ಅವಳು ಹೀಗೇ ಬೇರೇನೋ ಮಾತಾಡುತ್ತಾಳೆ ಎಂದು ರೋಗಿಗಳು ಹೊಗಳುವುದನ್ನು ಅವನು ಕೇಳಿದ್ದ. ಮಗಳು ತನ್ನ ಕಾಲಿನ ಹೆಬ್ಬೆರಳನ್ನು ನೋಡಿಕೊಂಡಳು. ಯಜಮಾನಿಯ ಮುಖ ಅರಳಿತು. ಆಫೀಸಿನವರಾದರೆ ಬಾಡಿಗೆಯೂ ಹೊತ್ತಿಗೆ ಸರಿಯಾಗಿ, ಬದುಕೂ ಹೊತ್ತಿಗೆ ಸರಿಯಾಗಿ ಎಂದರು. "ಬನ್ನಿ ಮೇ..." ಎಂದ ಷಡ್ಡಕ, ಅಲ್ಲಿಗೇ ನಾಲಿಗೆ ಕಚ್ಚಿಕೊಂಡು, "ಮೇಲೆ ಹೋಗಿ ನೋಡೋಣ" ಎಂದು ಎದ್ದ.

ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಬೀದಿಯ ಕಡೆಗೊಂದು ಬಾಲ್ಕನಿ. ಸುಣ್ಣ ಬಳಿದು ಹೆಚ್ಚು ದಿನವಾಗಿರಲಿಲ್ಲ. ಷಡ್ಡಕ ಒಂದೊಂದೇ ಕಿಟಕಿ ತೆರೆದು ಬೆಳಕನ್ನು ತಾನೇ ತಂದವನಂತೆ ತೋರಿಸುತ್ತಿದ್ದ. ಅವನು ಖಾಲಿ ಕೋಣೆಯ ನಡುವೆ ನಿಂತು ಯಜಮಾನಿಯ ಮೊಮ್ಮಗನನ್ನು ನೆನಪಿನಲ್ಲಿ ಹುಡುಕುತ್ತಿದ್ದ. ಮುಖ ಸಿಗಲಿಲ್ಲ. ಅವನಿಗೆ ನೆನಪಿರುತ್ತಿದ್ದುದು ಮಕ್ಕಳ ಬೆನ್ನು. ಸೀಮೆಸುಣ್ಣ ಕೊಟ್ಟು ಅವನು ಕೊನೆಯ ಬೆಂಚಿನ ಹಿಂದಿನ ಕಿಟಕಿಗೆ ಹೋಗಿ ನಿಲ್ಲುತ್ತಿದ್ದ. ಅಲ್ಲಿಂದ ಕಾಣುತ್ತಿದ್ದುದು ಅಂಗಿಯ ಹೊರಬಂದ ತುದಿ, ಹಿಂಗತ್ತು, ಮೇಲೆತ್ತಿ ಬೋರ್ಡಿನ ಹತ್ತಿರ ನಿಂತುಹೋದ ಕೈ. ಕಾಯುವುದು ಒಂದು ವಿಧಾನವೆಂದು ಅವನು ನಂಬಿದ್ದ. ಹೊಡೆಯುವ ಮೇಷ್ಟರ ಕೈಕೆಳಗೆ ಬೆಳೆದವನು ಅವನು; ಕೋಲು ಮುಟ್ಟುವುದಿಲ್ಲ ಎಂದು ಮೊದಲ ದಿನವೇ ನಿಶ್ಚಯಿಸಿದ್ದ, ಅದನ್ನು ಮುರಿದಿರಲಿಲ್ಲ. ಮೌನ ಬಿಗಿಯಾದಾಗ ಸಡಿಲಿಸಲೆಂದೇ ಒಂದು ಮಾತು ಹೇಳುತ್ತಿದ್ದ, ತಲೆಯಲ್ಲಿ ಹೊಟ್ಟು ತುಂಬಿದೆಯೋ ಹತ್ತಿಯೋ ಎಂದು, ಬೋರ್ಡಿಗೆ ನಿನ್ನ ಮೇಲೆ ಕನಿಕರ ಬಂದು ಅದೇ ಬರೆದುಕೊಳ್ಳುತ್ತದೆ ನೋಡುತ್ತಿರು ಎಂದು. ಮಕ್ಕಳು ನಗುತ್ತಿದ್ದರು. ಆ ನಗುವನ್ನು ಅವನು ತನ್ನ ಕಡೆಯ ಲೆಕ್ಕಕ್ಕೆ ಜಮಾ ಮಾಡಿಕೊಂಡಿದ್ದ, ಬೇರೆ ಮೇಷ್ಟರ ಕ್ಲಾಸಿನಲ್ಲಿ ಮಕ್ಕಳು ನಗುವುದೇ ಇಲ್ಲ ಎಂದು. ಮಗಳು ಅವನ ಕ್ಲಾಸಿಗೆ ಬಂದಮೇಲೆ ತನ್ನವಳೆಂದು ಸಲಿಗೆ ಕೊಟ್ಟ ಎಂದು ಯಾರೂ ಅನ್ನಬಾರದಲ್ಲ. ಅವಳನ್ನೂ ಕರೆದಿದ್ದ, ಭಿನ್ನರಾಶಿಗಳ ಪಾಠದ ದಿನ. ಅವಳು ಕೆಳಗಿನ ಸಂಖ್ಯೆಗಳನ್ನೂ ಕೂಡಿಸಿಬಿಟ್ಟಿದ್ದಳು. ಕಾದಿದ್ದ. ಆಮೇಲೆ, "ಮೇಷ್ಟ್ರ ಮಗಳು ಅಂತ ಹಣೇಲಿ ಬರ್ಕೊಂಡ್ರೆ ಸಾಲದು, ಹಣೆ ಹಿಂದೆನೂ ಏನಾದ್ರೂ ಇರ್ಬೇಕು" ಎಂದಿದ್ದ. ಎಲ್ಲರೂ ನಕ್ಕಿದ್ದರು. ಅವಳೂ ತಿರುಗಿ ನಕ್ಕಿದ್ದಳು. ಅದು ಅವನಿಗೆ ಸ್ಪಷ್ಟವಾಗಿ ನೆನಪಿತ್ತು. ಅವಳೊಬ್ಬಳದೇ ಮುಖ ಅವನಿಗೆ ನೆನಪಿದ್ದುದು.

ಅಡುಗೆಮನೆಯಲ್ಲಿ ಹೆಂಡತಿ ನಲ್ಲಿ ತಿರುಗಿಸಿ ನೀರು ಬರುವ ರಭಸ ನೋಡುತ್ತಿದ್ದಳು. ಷಡ್ಡಕ ಮಗಳನ್ನು ಕರೆದುಕೊಂಡು ಬಾಲ್ಕನಿಗೆ ಹೋಗಿದ್ದ. "ಅಷ್ಟು ಬೇಗ ಸುಳ್ಳು ಹೇಳಿಬಿಟ್ಟೆ ನೀನು" ಎಂದ ಅವನು, ದನಿ ತಗ್ಗಿಸಿ.

"ಮತ್ತೇನು ಹೇಳ್ಬೇಕಿತ್ತು?"

"ಆ ಶಾಲೇಲಿ ಲೆಕ್ಕಕ್ಕೆ ಇರೋದು ನಾನೊಬ್ಬನೇ ಅಂತ ನಿನಗೆ ಗೊತ್ತು."

ಅವಳು ನಲ್ಲಿ ನಿಲ್ಲಿಸಿದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಗೊತ್ತು" ಎಂದಳು.

"ಆ ಹೆಂಗಸು ಹೇಳಿದ್ದು ಪೂರ್ತಿ ನಿಜ ಅಲ್ಲ. ಮಕ್ಕಳು ಮನೇಲಿ ಒಂದಕ್ಕೆರಡು ಹೇಳ್ತಾರೆ."

"ನಮ್ಮನೇದು ಒಂದೂ ಹೇಳಲ್ಲ" ಎಂದಳು ಹೆಂಡತಿ. "ಲೆಕ್ಕ ಮೊದಲನೇ ಪೀರಿಯಡ್ ಇರೋ ದಿನ ಅವಳು ನಿಮಗಿಂತ ಮುಂಚೆ ಏಳ್ತಾಳೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಳ್ತಾಳೆ, ಸದ್ದು ಕೇಳಬಾರದು ಅಂತ. ವಾಂತಿ ಆಗತ್ತೆ ಅವಳಿಗೆ. ನಾಲ್ಕು ತಿಂಗಳಾಯ್ತು ನನಗೆ ಗೊತ್ತಾಗಿ. ಅಪ್ಪನಿಗೆ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡ್ಳು. ರಕ್ತ ಪರೀಕ್ಷೆ ಮಾಡಿಸಿದೆ. ಏನೂ ಇಲ್ಲ. ಎಲ್ಲ ಸರಿಯಾಗಿದೆ."

ಅವನಿಗೆ ಏನೋ ಹೇಳಬೇಕಿತ್ತು. ಹೊರಬಂದದ್ದು, "ನನಗೆ ಹೇಳಬಹುದಿತ್ತಲ್ಲ" ಎಂಬ ಮಾತು.

"ಹೇಳಿದ್ರೆ ನೀವು ಅವಳನ್ನ ಕೂರಿಸ್ಕೊಂಡು ಯಾಕೆ ಅಂತ ಕೇಳ್ತಿದ್ರಿ. ಉತ್ತರ ಬರೋವರೆಗೂ ಕಾಯ್ತಿದ್ರಿ."

"ಹಾಗಾದ್ರೆ ಈ ಮನೆ, ಈ ಶಾಲೆ..."

"ಶಾಲೆ ಹೇಗಿದೆಯೋ ನನಗೂ ಗೊತ್ತಿಲ್ಲ ಕಣ್ರೀ. ಅದರಲ್ಲಿ ನೀವಿಲ್ಲ. ಅಷ್ಟು ಸಾಕು ಅನ್ನಿಸ್ತು" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಹೇಳಿ, ಅವನ ಅಂಗಿಯ ತೋಳಿಗೆ ಹತ್ತಿದ್ದ ಸುಣ್ಣವನ್ನು ಕೈಯಿಂದ ಎರಡು ಸಲ ಕೊಡವಿದಳು. ಆ ಕೊಡವುವಿಕೆಯಲ್ಲಿ ಇಷ್ಟು ವರ್ಷದ ಸಂಸಾರದ ಮಮತೆ ಇತ್ತು, ಅದನ್ನು ಅವನು ತಡೆದುಕೊಳ್ಳಲಾರದೆ ಹೋದ. ಬಾಲ್ಕನಿಯಿಂದ ಷಡ್ಡಕನ ದನಿ ಕೇಳಿಸಿತು. ಅಲ್ಲಿಂದ ಶಾಲೆಯ ಗಂಟೆ ಕಾಣುತ್ತದೆ, ಇನ್ನು ನೀನು ಹಲ್ಲುಜ್ಜುತ್ತಾ ಉಜ್ಜುತ್ತಾನೇ ಶಾಲೆ ತಲುಪಬಹುದು ಎನ್ನುತ್ತಿದ್ದ. ಮಗಳು ಗಟ್ಟಿಯಾಗಿ ನಕ್ಕಳು.

ಮನೆ ಹಿಡಿದರು. ಬೇಡವೆನ್ನಲು ಅವನ ಹತ್ತಿರ ಕಾರಣವಿರಲಿಲ್ಲ. ಬಾಡಿಗೆ ಹೆಚ್ಚಾಗಿರಲಿಲ್ಲ, ಹೆಂಡತಿಯ ಆಸ್ಪತ್ರೆಗೆ ನೇರ ಬಸ್ಸಿತ್ತು, ಅವನ ದಾರಿ ಉದ್ದವಾಗಿದ್ದರೂ ಸಾಗದಷ್ಟೇನೂ ಉದ್ದವಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ಅವನ ತೋಳಿಗೆ ತಲೆಯಿಟ್ಟು ನಿದ್ದೆಹೋದಳು, ಅವನು ಇಳಿಯುವವರೆಗೂ ಆ ತೋಳನ್ನು ಅಲುಗಿಸಲಿಲ್ಲ. ಅವಳನ್ನು ಎಬ್ಬಿಸಿ ಏನನ್ನಾದರೂ ಕೇಳಬೇಕು, ಅಥವಾ ಹೇಳಬೇಕು. ತಪ್ಪಾಯಿತು ಎಂಬ ಮಾತನ್ನು ಬಾಯೊಳಗೇ ಹಲವು ಥರ ಜೋಡಿಸಿ ನೋಡಿದ, ಯಾವುದನ್ನು ಹೇಳಿದರೂ ಅವಳು ತಕ್ಷಣ ತಲೆಯಾಡಿಸುವುದೇ ಕಂಡಿತು. ಆಮೇಲೆ ತನ್ನ ಶಾಲೆಯಲ್ಲಿ ಮಗಳ ವರ್ಗಾವಣೆ ಪತ್ರ ಕೇಳಿದಾಗ ಹೆಡ್ ಮೇಡಂ ಕನ್ನಡಕ ತೆಗೆದು ಅವನನ್ನು ನೋಡಿದರು. ನಿವೃತ್ತಿಗೆ ಹತ್ತಿರವಾದವರು, ಪ್ರತಿ ವರ್ಷ ಒಂದೊಂದು ಸೆಕ್ಷನ್ ಮುಚ್ಚಿಕೊಂಡು ಬಂದವರು. "ನೀವೂನಾ ಮೇಷ್ಟ್ರೇ" ಎಂದರು. "ಮನೆ ಬದಲಾಯಿಸಿದ್ವಿ ಮೇಡಂ." "ಎಲ್ರೂ ಅದನ್ನೇ ಬರೀತಾರೆ" ಎಂದು ಸಹಿ ಹಾಕಿದರು. ಜನ ಯಾಕೆ ಈ ಶಾಲೆ ಬಿಟ್ಟು ಹೋಗುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ಮಾತಾಡಿದ್ದರು, ಶೌಚಾಲಯ ಸರಿಯಿಲ್ಲ, ಇಂಗ್ಲಿಷ್ ಇಲ್ಲ, ಬೋರ್ಡು ಸೀಳಿದೆ ಎಂದು. ಆ ಮಾತಿನಲ್ಲಿ ಅವನದೇ ದನಿ ಎಲ್ಲರಿಗಿಂತ ಜೋರಾಗಿರುತ್ತಿತ್ತು.

ಬದಲಾಗಬೇಕೆಂದು ಅವನು ನಿಜವಾಗಿಯೂ ಪ್ರಯತ್ನಿಸಿದ. ಹೊಸ ಮನೆಗೆ ಬಂದ ಮೊದಲ ವಾರದಲ್ಲೇ, ಕ್ಲಾಸಿನಲ್ಲಿ ಒಬ್ಬ ಹುಡುಗನನ್ನು ಬೋರ್ಡಿಗೆ ಕರೆದ. ಹಿಂದಿನ ಕಿಟಕಿಗೆ ಹೋಗದೆ ಹತ್ತಿರವೇ ನಿಂತ. ಹುಡುಗ ಭಾಗಾಕಾರವನ್ನು ಅರ್ಧಕ್ಕೆ ನಿಲ್ಲಿಸಿದಾಗ ಕಾಯಲಿಲ್ಲ, ಆದಷ್ಟು ಮೃದುವಾಗಿ, "ಪರವಾಗಿಲ್ಲಪ್ಪ, ಹೋಗಿ ಕೂತ್ಕೋ. ನಾಳೆ ನೋಡೋಣ" ಎಂದ. ಆಮೇಲೆ ಮುಂದಿನ ಬೆಂಚಿನ ಒಬ್ಬಳು ಕಿಸಕ್ಕೆಂದಳು, ಅಷ್ಟೇ, ಇಡೀ ಕ್ಲಾಸು ಗೊಳ್ಳೆಂದಿತು. ಮೇಷ್ಟ್ರು ಇದುವರೆಗೆ ಮಾಡಿದ ತಮಾಷೆಗಳಲ್ಲೆಲ್ಲ ಇದೇ ದೊಡ್ಡದು ಎಂಬಂತೆ ಮಕ್ಕಳು ಬೆಂಚು ಬಡಿದು ನಕ್ಕರು. ತಾನು ತಮಾಷೆ ಮಾಡಿಲ್ಲ ಎಂದು ಅವನು ಗದರಿದ. ಸದ್ದು ನಿಂತಿತು. ಹುಡುಗನ ಕಿವಿಗಳು ಕೆಂಪಾಗಿದ್ದವು. ಸೀಮೆಸುಣ್ಣವನ್ನು ಎಲ್ಲಿಡಬೇಕೆಂದು ತಿಳಿಯದೆ ಅದನ್ನು ಜೇಬಿಗೇ ಹಾಕಿಕೊಂಡು ಹೋಗಿ ಕೂತ. ಮತ್ತೆ ಒಂದೆರಡು ಮಕ್ಕಳೊಂದಿಗೂ ಅವನು ಹಾಗೇ ಮೃದುವಾಗಿ ನಡೆದುಕೊಂಡು ನೋಡಿದ. ಮಕ್ಕಳು ಇನ್ನಷ್ಟು ಹೆದರಿದರು. ಮೇಷ್ಟ್ರು ಮುಂದೆ ಏನು ಮಾಡುತ್ತಾರೆ ಎಂಬುದು ಮೊದಲಾದರೆ ಅವರಿಗೆ ಗೊತ್ತಿತ್ತು. ಕೊನೆಗೆ ಯಾರನ್ನೂ ಬೋರ್ಡಿಗೆ ಕರೆಯುವುದನ್ನೇ ಬಿಟ್ಟು, ತಾನೇ ಲೆಕ್ಕಗಳನ್ನು ಬರೆದು, ತಾನೇ ಬಿಡಿಸಿ, ಒರೆಸತೊಡಗಿದ. ಆ ಬೆನ್ನುಗಳಿದ್ದ ಜಾಗದಲ್ಲಿ ಈಗ ದಿನವೂ ಅವನದೇ ಬೆನ್ನು.

ಮಗಳು ಹೊಸ ಶಾಲೆಗೆ ಹೊಂದಿಕೊಂಡಳು ಎಂದು ಹೆಂಡತಿ ಹೇಳುತ್ತಿದ್ದಳು. ಅವನಿಗೆ ಗೊತ್ತಾಗಲು ಬೇರೆ ದಾರಿ ಇರಲಿಲ್ಲ. ಬೆಳಿಗ್ಗೆ ಅವಳು ಏಳುವ ಮುಂಚೆ ಅವನು ಹೊರಡುತ್ತಿದ್ದ, ಸಂಜೆ ಅವಳ ಆಟ ಮುಗಿದ ಮೇಲೆ ಬರುತ್ತಿದ್ದ. ಹಿಂದೆ ದಿನವೂ ಒಟ್ಟಿಗೆ ಹೋಗುವಾಗ ರಸ್ತೆ ದಾಟಲು ಅವಳ ಕೈ ಹಿಡಿಯುತ್ತಿದ್ದ, ಶಾಲೆಯ ಗೇಟಿನಲ್ಲಿ ಬಿಡುತ್ತಿದ್ದ. ಬಿಟ್ಟಮೇಲೆ ಅವಳು ಸಾರ್ ಎನ್ನಬೇಕಿತ್ತು. ಆ ಬಿಡುವ ಗಳಿಗೆಯಲ್ಲಿ ಅವಳ ಅಂಗೈ ಯಾವಾಗಲೂ ಒದ್ದೆಯಾಗಿರುತ್ತಿತ್ತು. ಅದನ್ನು ಅವನು ಬಿಸಿಲಿಗೆ ಎಂದುಕೊಂಡಿದ್ದ. ಈಗ ರೈಲಿನಲ್ಲಿ, ಜನರ ನಡುವೆ ಮೇಲಿನ ಕಂಬಿ ಹಿಡಿದು ತೂಗುತ್ತ, ಅವನು ಆ ಒದ್ದೆಯನ್ನು ಬೆರಳಲ್ಲಿ ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಒಂದು ದಿನ ಪರೀಕ್ಷೆಯಿದ್ದುದರಿಂದ ಅವನ ಶಾಲೆ ಮಧ್ಯಾಹ್ನಕ್ಕೇ ಬಿಟ್ಟಿತು. ಬಿಸಿಲು ಇರುವಾಗಲೇ ಅವನು ಮನೆಯ ಮೆಟ್ಟಿಲ ಹತ್ತಿರ ಬಂದ. ಮೇಲಿನಿಂದ ಮಗಳ ದನಿ ಕೇಳಿಸುತ್ತಿತ್ತು. ಪಕ್ಕದ ಮನೆಯ ಹುಡುಗಿಗೆ, ತನಗಿಂತ ಚಿಕ್ಕವಳಿಗೆ, ಲೆಕ್ಕ ಹೇಳಿಕೊಡುತ್ತಿದ್ದಳು. "ಇಲ್ಲ ಇಲ್ಲ, ಕೆಳಗಿನ ಸಂಖ್ಯೆ ಕೂಡಿಸಬಾರದು. ನಾನೂ ಹಾಗೇ ಮಾಡ್ತಿದ್ದೆ. ಒಂದು ರೊಟ್ಟೀನ ನಾಲ್ಕು ತುಂಡು ಮಾಡಿದೀವಿ ಅಂದ್ಕೋ. ನಾವಿಬ್ರೂ ಒಂದೊಂದು ತಗೊಂಡ್ವಿ. ಅದು ಎಂಟು ತುಂಡಾಗಿಬಿಡತ್ತಾ? ಇಲ್ಲ ಅಲ್ವಾ? ನಿಧಾನಕ್ಕೆ ನೋಡು, ತಪ್ಪಾದ್ರೂ ಪರವಾಗಿಲ್ಲ." ಅದೆಷ್ಟು ಸರಳವಾಗಿತ್ತೆಂದರೆ, ಹದಿನೆಂಟು ವರ್ಷದಲ್ಲಿ ತಾನು ಅದನ್ನು ಹೀಗೆ ಹೇಳಿದ್ದೇನೆಯೇ ಎಂದು ನೆನಪಿಸಿಕೊಳ್ಳಲು ಹೋಗಿ ಅವನು ನಿಲ್ಲಿಸಿದ. ಅವಳ ದನಿಯಲ್ಲಿ ಅವನಿಗೆ ಪರಿಚಯವಿಲ್ಲದ ಒಂದು ತುಂಟತನವಿತ್ತು, ಸಲಿಗೆಯಿತ್ತು. ಮೇಲೆ ಹೋದರೆ ಅದು ನಿಲ್ಲುತ್ತದೆ. ಅವನು ಮೂರನೆಯ ಮೆಟ್ಟಿಲ ಮೇಲೆ ಚೀಲವನ್ನು ತೊಡೆಯಲ್ಲಿಟ್ಟುಕೊಂಡು ಕೂತ. ಹೀಗೇ ಕೂತು ಕೇಳುತ್ತಿದ್ದರೆ ಸಾಕು, ಇನ್ನೇನೂ ಬೇಡ ಅನ್ನಿಸಿತು.

ಯಜಮಾನಿ ಬಟ್ಟೆ ತೆಗೆಯಲು ಹೊರಗೆ ಬಂದವರು ಅವನನ್ನು ಕಂಡು ನಿಂತರು. "ಯಾಕೆ ಇಲ್ಲೇ ಕೂತ್ರಿ? ಮೈ ಸರಿಯಿಲ್ವಾ?"

"ಏನಿಲ್ಲ ಅಮ್ಮ. ಸ್ವಲ್ಪ ಆಯಾಸ."

ದನಿ ಎತ್ತರಿಸಿರಲಿಲ್ಲ. ಆದರೂ ಮೇಲೆ ಮಾತು ನಿಂತಿತು. ಪುಸ್ತಕ ಮುಚ್ಚಿದ ಸದ್ದು, ಕುರ್ಚಿ ಹಿಂದಕ್ಕೆ ಸರಿಸಿದ ಸದ್ದು, ಆಮೇಲೆ ಪಿಸುಮಾತು. ಪಕ್ಕದ ಮನೆಯ ಹುಡುಗಿ ಚಪ್ಪಲಿ ಪಟಪಟ ಎನಿಸುತ್ತ ಇಳಿದು ಬಂದಳು. ಅವನು ದಾರಿ ಬಿಡಲು ಗೋಡೆಗೆ ಸರಿದ. ಅವಳಿಗೆ ಅವನ ಬಗ್ಗೆ ಏನೂ ಗೊತ್ತಿರಲಿಲ್ಲ, ಹಾಗಾಗಿ ನಗುತ್ತ ನಿಂತಳು.

"ಅಂಕಲ್, ಅಕ್ಕ ಎಷ್ಟು ಚೆನ್ನಾಗಿ ಲೆಕ್ಕ ಹೇಳ್ಕೊಡ್ತಾಳೆ ಗೊತ್ತಾ? ನೀವು ಹೇಳ್ಕೊಟ್ಟಿದ್ದಾ ಅವಳಿಗೆ?"

ಮೇಲೆ, ಮೆಟ್ಟಿಲ ತುದಿಯಲ್ಲಿ, ಮಗಳು ಬಂದು ನಿಂತಿದ್ದಳು. ಕಂಬಿಯ ಹಿಂದೆ ಅವಳ ಎರಡು ಪಾದಗಳು ಮಾತ್ರ ಅವನಿಗೆ ಕಾಣುತ್ತಿದ್ದವು, ಜೋಡಿಸಿಟ್ಟಂತೆ.

"ಇಲ್ಲಮ್ಮ" ಎಂದ ಅವನು. "ಅವಳ ಶಾಲೇಲಿ ಕಲಿತದ್ದು. ಒಳ್ಳೇ ಶಾಲೆ."

ಹುಡುಗಿ ತಲೆಯಾಡಿಸಿ ಓಡಿಹೋದಳು. ಯಜಮಾನಿ ಬಟ್ಟೆಗಳನ್ನು ತೋಳಿನ ಮೇಲೆ ಹಾಕಿಕೊಳ್ಳುತ್ತ, ನಾನು ಆವತ್ತೇ ಹೇಳಿರಲಿಲ್ವಾ ಎಂದರು. ಅವನು ಹೌದೆಂದ. ಪಾದಗಳು ಇನ್ನೂ ಅಲ್ಲೇ ಇದ್ದವು, ಅವನು ಏಳುವುದನ್ನು ಕಾಯುತ್ತ.